ಹಿಂದಿನ ಸೀಟಿನ ಪೂರ್ವಪಕ್ಷ

ಮೂಡುಬಿದಿರೆಯ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಪ್ರತಿ ತಿಂಗಳ ಕೊನೆಯ ಶನಿವಾರ ಅಧ್ಯಾಪಕರ ಚರ್ಚಾಕೂಟ ನಡೆಯುತ್ತದೆ. ವಿಷಯವನ್ನು ಯಾರು ಬೇಕಾದರೂ ಸೂಚಿಸಬಹುದು. ಬೇರೆ ಯಾರೂ ಸೂಚಿಸದ ಕಾರಣ ಬಹುಪಾಲು ತಿಂಗಳು ನಾನೇ ಸೂಚಿಸುತ್ತೇನೆ. ಕಳೆದ ವರ್ಷದ ಒಂದು ಕೂಟದಲ್ಲಿ ನಾನು ಪ್ರತಿಪಾದಿಸಿದ ನಿಲುವು ಹೀಗಿತ್ತು: ಹಳೆಯ ಹೈಬ್ರಿಡ್ ಕಾರನ್ನು ಕೊಂಡು ದೀರ್ಘಕಾಲ ಬಳಸುವುದು ಗೃಹಸ್ಥನ ವಿವೇಕ ಮತ್ತು ನಾಗರಿಕನ ಕರ್ತವ್ಯ.

ಅಂಥದ್ದೊಂದು ಕಾರು ನನ್ನಲ್ಲಿತ್ತು. ಏಳು ವರ್ಷ ಹಳೆಯದಾಗಿದ್ದಾಗ ಕೊಂಡದ್ದು, ನಾನೂ ನಾಲ್ಕು ವರ್ಷ ಓಡಿಸಿದ್ದೆ. ಪೆಟ್ರೋಲ್ ಎಂಜಿನ್ನಿನ ಜೊತೆಗೆ ಅದರಲ್ಲೊಂದು ವಿದ್ಯುತ್ ಮೋಟಾರು, ಮೋಟಾರಿಗೊಂದು ದೊಡ್ಡ ಬ್ಯಾಟರಿ. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಗತ್ಯವಿಲ್ಲ. ಬ್ರೇಕ್ ಒತ್ತುವಾಗ, ಇಳಿಜಾರಿನಲ್ಲಿ ಜಾರುವಾಗ ಸುಮ್ಮನೆ ಕಳೆದುಹೋಗುವ ಶಕ್ತಿಯನ್ನೇ ಹಿಡಿದು ಬ್ಯಾಟರಿ ತನ್ನನ್ನು ತಾನು ತುಂಬಿಕೊಳ್ಳುತ್ತದೆ. ವ್ಯರ್ಥವಾಗುವುದನ್ನು ಉಳಿಸಿ ಮರಳಿ ಬಳಸುವ ಯಂತ್ರ! ನನ್ನಂಥವನಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕಿರಲಿಲ್ಲ.

ಅಂದು ನಾನು ಚೆನ್ನಾಗಿ ಮಾತನಾಡಿದೆ. ವಿದ್ಯಾರ್ಥಿಯಾಗಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳು ಮನೆಯ ಅಟ್ಟದ ಮೇಲೆ ಈಗಲೂ ಇವೆ; ಆ ಅಭ್ಯಾಸ ಅಷ್ಟು ಸುಲಭಕ್ಕೆ ಬಿಟ್ಟುಹೋಗುವಂಥದ್ದಲ್ಲ. ವಾಣಿಜ್ಯ ವಿಭಾಗದ ಸಹೋದ್ಯೋಗಿಯೊಬ್ಬರು ಎದ್ದು, "ಸರ್, ಬ್ಯಾಟರಿ ಹೋದ್ರೆ?" ಎಂದು ಕೇಳಿದರು. ನಾನು, "ಹೋಗದಿದ್ದರೆ?" ಎಂದೆ. ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಡುವುದು ಉತ್ತರವಿಲ್ಲದವನ ಉಪಾಯವೆಂದು ಮಕ್ಕಳಿಗೆ ತರಗತಿಯಲ್ಲಿ ಎಚ್ಚರಿಸುವವನು ನಾನೇ. ಎದುರಾಳಿಯ ವಾದವನ್ನು, ಅಂದರೆ ಪೂರ್ವಪಕ್ಷವನ್ನು, ಅವನಿಗಿಂತಲೂ ಸಮರ್ಥವಾಗಿ ಮೊದಲು ಮಂಡಿಸಿ ಆಮೇಲೆ ಖಂಡಿಸಬೇಕೆಂದು ಬೋಧಿಸುವವನೂ ನಾನೇ. ಆದರೆ ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ಪೂರ್ವಪಕ್ಷದ ನೆನಪು ಯಾರಿಗೆ ಬರುತ್ತದೆ?

ಆ ಭಾಷಣಕ್ಕೆ ಒಬ್ಬರು ಮಾತ್ರ ನಿಜವಾಗಿ ಕಿವಿಗೊಟ್ಟಿದ್ದರು: ನಮ್ಮ ಗ್ರಂಥಪಾಲಕಿ. ಊರು ವಿಟ್ಲದಾಚೆಯ ಕನ್ಯಾನ. ಕೆಲಸಕ್ಕಾಗಿ ಮೂಡುಬಿದಿರೆಯಲ್ಲಿ ಬಾಡಿಗೆ ಮನೆ. ವಾರಕ್ಕೊಮ್ಮೆ ಊರಿಗೆ ಹೋಗಿಬರಲು ಬಸ್ಸು ಬದಲಿಸಿ ಬದಲಿಸಿ ಬೇಸತ್ತು, ಐವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಮೊದಲ ಪರೀಕ್ಷೆಯಲ್ಲೇ ಲೈಸನ್ಸ್ ಪಡೆದವರು. ಭವಿಷ್ಯನಿಧಿಯಿಂದ ಸ್ವಲ್ಪ ಹಣ ತೆಗೆದು ಕಾರು ಕೊಳ್ಳಬೇಕೆಂದಿದ್ದರು. ಅದು ಒಂದೇ ಸಲ ಸಾಧ್ಯವಾಗುವ ಖರೀದಿ.

ಮುಂದಿನ ಬುಧವಾರ ನನ್ನನ್ನು ಕರೆದು, "ಸರ್, ನಿಮ್ಮದರ ಹಾಗಿನದ್ದೇ ಒಂದು ಕಾರು ವಿಟ್ಲದಲ್ಲಿ ಸಿಕ್ಕಿದೆ. ಹತ್ತು ವರ್ಷದ್ದು. ಮುಂಗಡ ಕೊಟ್ಟು ಬಂದೆ. ಉಳಿದದ್ದು ಬರುವ ವಾರದ ಭಾನುವಾರ" ಎಂದರು. "ನನಗೆ ಇದು ಮೊದಲ್ನೇ ಕಾರು, ಕೊನೇದೂ ಇದೇ. ನೀವು ಹೇಳಿದ್ರಿ ಅಂತ ಧೈರ್ಯ."

ಒಂದು ಮಾತಿನಿಂದ ಒಬ್ಬರ ಬದುಕು ಬದಲಾಯಿತೆಂಬ ಸಂತೋಷದಲ್ಲಿ ಅಂದು ನಾನು ಎರಡು ತರಗತಿಗಳನ್ನು ಗಂಟೆ ಹೊಡೆದ ಮೇಲೂ ಮುಂದುವರಿಸಿದೆ.

ಮರುದಿನವೇ ನನ್ನ ಕಾರಿನ ಎಚ್ಚರಿಕೆಯ ದೀಪ ಹೊತ್ತಿಕೊಂಡಿತು.

ಬೆಳ್ತಂಗಡಿಯಿಂದ ವೇಣೂರು ಮಾರ್ಗವಾಗಿ ಮನೆಗೆ ಬರುತ್ತಿದ್ದೆವು. ಬೆಳ್ತಂಗಡಿಯ ಶಾಲೆಯೊಂದರಲ್ಲಿ ಗಣಿತ ಕಲಿಸುವ ನನ್ನ ಹೆಂಡತಿ ಪಕ್ಕದಲ್ಲಿ ಕುಳಿತಿದ್ದಳು. ಹಿಂದಿನ ಸೀಟಿನ ತುಂಬ, ಕಿಟಕಿಯ ಎತ್ತರಕ್ಕೆ, ಬಟ್ಟೆಯ ಕೈಚೀಲಗಳ ಕಟ್ಟುಗಳು. ಪ್ಲಾಸ್ಟಿಕ್ ಚೀಲಗಳ ಬದಲಿಗೆ ಬಟ್ಟೆಯ ಚೀಲ ಬಳಸಿರೆಂದು ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ಮೂರೂ ಊರುಗಳ ಅಂಗಡಿಗಳಿಗೆ ನಾನು ಹಂಚುತ್ತಿದ್ದವು ಅವು. ಮುಂಡಾಜೆಯ ಕೆಲವು ಹೆಂಗಸರು ಕೋರಾ ಬಟ್ಟೆಯಲ್ಲಿ ಹೊಲಿದುಕೊಡುತ್ತಿದ್ದರು. ಅಂಚು ಮಡಚಿ ಹೊಲಿಯದಿದ್ದರೆ ನೂಲು ಬಿಡುತ್ತದೆಂದು ಅವರು ಮೊದಲೇ ಹೇಳಿದ್ದರು. ಮಡಚಿದರೆ ಒಂದು ಮೀಟರು ಬಟ್ಟೆಗೆ ಚೀಲಗಳ ಸಂಖ್ಯೆ ಕಡಿಮೆಯಾಗುತ್ತದೆಂದು ನಾನು ಅವರಿಗೆ ಅರ್ಧ ಗಂಟೆ ವಿವರಿಸಿ ಒಪ್ಪಿಸಿದ್ದೆ.

ವೇಣೂರು ದಾಟಿದ ಮೇಲಿನ ಏರಿನಲ್ಲಿ ಕೆಂಪು ತ್ರಿಕೋನವೊಂದು ಬೆಳಗಿತು. ಕಾರು ಮುಂದುವರಿಯಿತು, ಆದರೆ ಒಲ್ಲದ ಮನಸ್ಸಿನಿಂದ. ಹಿಂದಿದ್ದ ಆಟೋ ನಮ್ಮನ್ನು ದಾಟಿಹೋಯಿತು.

"ಇದೆಂತ, ಕೆಂಪು ದೀಪ?" ಎಂದಳು ಹೆಂಡತಿ.

"ಹೈಬ್ರಿಡ್ ವ್ಯವಸ್ಥೆಯನ್ನು ಪರೀಕ್ಷಿಸಬೇಕೆಂಬ ಸೂಚನೆ."

"ಅಂದ್ರೆ ಹಾಳಾಯ್ತು ಅಂತವಾ?"

"ಹಾಗೆ ಹೇಳಲಾಗದು. ಪರೀಕ್ಷೆಗೂ ಹಾಳಾಗುವುದಕ್ಕೂ ವ್ಯತ್ಯಾಸವಿದೆ."

"ಉಂಟು ಉಂಟು. ಆ ಆಟೋದವನಿಗೂ ಹೇಳಿ, ಪಾಪ, ಗೊತ್ತಿಲ್ಲದೆ ಓವರ್‌ಟೇಕ್ ಮಾಡಿದ."

ನಗರದಲ್ಲಿರುವ ಕಂಪೆನಿಯ ಸರ್ವಿಸ್ ಸೆಂಟರಿನವರು ಕಾರಿಗೆ ಕಂಪ್ಯೂಟರ್ ಜೋಡಿಸಿ ನೋಡಿ, ಬ್ಯಾಟರಿಯನ್ನು ಇಡಿಯಾಗಿ ಬದಲಿಸಬೇಕೆಂದು ವಿನಯದಿಂದಲೇ ಹೇಳಿದರು. ಬಿಡಿಬಿಡಿಯಾಗಿ ದುರಸ್ತಿ ಮಾಡುವ ಕ್ರಮ ಅವರಲ್ಲಿರಲಿಲ್ಲ. ಅವರು ಹೇಳಿದ ಮೊತ್ತ ನಾನು ಕಾರಿಗೆ ಕೊಟ್ಟ ಬೆಲೆಯ ಅರ್ಧವನ್ನು ದಾಟಿತ್ತು. ಕಾರನ್ನು ಮೆಲ್ಲಗೆ ಮನೆಗೆ ತಂದು ನಿಲ್ಲಿಸಿದೆ.

ಮುಂದಿನದು ನನಗೆ ಹೆಮ್ಮೆ ತರುವ ಭಾಗವಲ್ಲ. ಮುಂದಿನ ಸೋಮವಾರದಿಂದ ಬಸ್ಸಿನಲ್ಲಿ ಕಾಲೇಜಿಗೆ ಹೋದೆ. ಕಾರೆಲ್ಲಿ ಎಂದು ಯಾರೋ ಕೇಳಿದ್ದಕ್ಕೆ, ಸಾರ್ವಜನಿಕ ಸಾರಿಗೆಯನ್ನೂ ಪ್ರೋತ್ಸಾಹಿಸಬೇಕಲ್ಲವೇ ಎಂದೆ. ಅದು ಸುಳ್ಳಲ್ಲ, ಸತ್ಯವೂ ಅಲ್ಲ. ಗ್ರಂಥಾಲಯದತ್ತ ಮಾತ್ರ ಹೋಗಲಿಲ್ಲ. ಓದಿ ಮುಗಿಸಿದ್ದ ಪುಸ್ತಕವೊಂದನ್ನು ವಿದ್ಯಾರ್ಥಿಯ ಕೈಯಲ್ಲಿ ಹಿಂದಿರುಗಿಸಿದೆ. ಭಾನುವಾರ ಹತ್ತಿರವಾಗುತ್ತಿತ್ತು. ಅವರಿಗೆ ಏನು ಹೇಳಲಿ? ಬ್ಯಾಟರಿ ಹೋಗದಿದ್ದರೆ ಎಂದು ಕೇಳಿದವನ ಬ್ಯಾಟರಿ ಹೋಗಿದೆ ಎಂದೇ? ಇದೊಂದು ಅಪವಾದವಾಗಿರಬಹುದು, ಒಂದು ಉದಾಹರಣೆಯಿಂದ ಸಾಮಾನ್ಯ ನಿಯಮಕ್ಕೆ ಹೋಗಬಾರದು ಎಂದು ನನಗೆ ನಾನೇ ತರ್ಕಶಾಸ್ತ್ರ ಹೇಳಿಕೊಂಡೆ. ಹೊಗಳುವಾಗಲೂ ನನ್ನ ಬಳಿ ಇದ್ದದ್ದು ಅದೊಂದೇ ಉದಾಹರಣೆ ಎಂಬುದು ಹೊಳೆಯಲಿಲ್ಲ.

ಹೊಳೆಯಿಸಿದವಳು ಹೆಂಡತಿ. ಕತ್ತಲಾಗುವ ಮುನ್ನ ಊಟ ಮುಗಿಸುವ ಮನೆ ನಮ್ಮದು, ಬುಧವಾರ ಬಡಿಸುತ್ತಾ ಕೇಳಿದಳು: "ಲೈಬ್ರರಿಯವ್ರಿಗೆ ಹೇಳಿದ್ರಾ?"

"ನಿಖರವಾದ ಮಾಹಿತಿ ಸಿಕ್ಕಿದ ಮೇಲೆ ಹೇಳುತ್ತೇನೆ."

"ಸಭೆಯಲ್ಲಿ ಮಾತಾಡುವಾಗ ನಿಖರ ಮಾಹಿತಿ ಇತ್ತಾ?"

ನಾನು ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದೆ.

"ಉಪ್ಪು ಸರಿ ಉಂಟು. ನಾಳೆ ರಜೆ ಹಾಕಿ, ನಾನೂ ಹಾಕ್ತೇನೆ. ಪಾಣೆಮಂಗಳೂರಿನ ಹತ್ರ ಗಲ್ಫಿನಿಂದ ಬಂದ ಕಾಕ ಒಬ್ರು ಇದನ್ನೇ ರಿಪೇರಿ ಮಾಡ್ತಾರಂತೆ. ತೋರಿಸುವ."

ಸಿದ್ದಕಟ್ಟೆಯ ದಾರಿಯಲ್ಲಿ ಬಂಟ್ವಾಳಕ್ಕೆ ಇಳಿದು, ಹಳೆಯ ಸೇತುವೆ ದಾಟಿ ಹೋದರೆ ಹೊಳೆಯ ಬದಿಯಲ್ಲೇ ಅವರ ಗ್ಯಾರೇಜು. ಬೋರ್ಡು ಇಲ್ಲ. ಊರೆಲ್ಲ ಕಾಕ ಎಂದು ಕರೆಯುವ ಆ ಹಿರಿಯರು ದುಬಾಯಿಯಲ್ಲಿ ಹದಿನಾಲ್ಕು ವರ್ಷ ಟ್ಯಾಕ್ಸಿಗಳ ಗ್ಯಾರೇಜಿನಲ್ಲಿ ದುಡಿದವರು. ಅಲ್ಲಿ ಅವರ ಕೈಗೆ ಬಂದದ್ದೆಲ್ಲ ಇಂಥ ಹೈಬ್ರಿಡ್ ಕಾರುಗಳೇ. ರಬ್ಬರಿನ ಕೈಗವಸು ತೊಟ್ಟು, ಕಿತ್ತಳೆ ಬಣ್ಣದ ಸುರಕ್ಷಾ ಪ್ಲಗ್ಗನ್ನು ಮೊದಲು ಕಳಚಿ ಕಿಸೆಗೆ ಹಾಕಿಕೊಂಡು, ಒಳಗಿನ ವಿದ್ಯುತ್ತು ಇಳಿಯಲೆಂದು ಸ್ವಲ್ಪ ಹೊತ್ತು ಕಾದರು. ಅಷ್ಟರೊಳಗೆ ನಾನು ಸರ್ವಿಸ್ ಸೆಂಟರಿನವರು ಹೇಳಿದ್ದನ್ನು, ಅದಕ್ಕೆ ನನ್ನ ಆಕ್ಷೇಪಗಳನ್ನು, ಆಕ್ಷೇಪಗಳಿಗೆ ಬರಬಹುದಾದ ಸಮಾಧಾನಗಳನ್ನು ಕ್ರಮವಾಗಿ ವಿವರಿಸಿದೆ.

"ಮಾಷ್ಟ್ರೆ, ನೀವು ಆ ಸ್ಟೂಲಲ್ಲಿ ಕೂತ್ಕೊಳ್ಳಿ. ಕಾರು ಎಂತ ಹೇಳ್ತದೆ, ಸ್ವಲ್ಪ ಕೇಳುವ."

ಹಿಂದಿನ ಸೀಟನ್ನು ಕಳಚಿದರು. ಸೀಟಿನ ಬದಿಯಲ್ಲಿ ಅಂಗೈಯಗಲದ ಒಂದು ಜಾಲರಿಯಿದೆ. ನಾಲ್ಕು ವರ್ಷಗಳಲ್ಲಿ ನಾನು ಅದನ್ನು ಅಲಂಕಾರವೆಂದು ಭಾವಿಸಿದ್ದೆ. ಅದರ ಹಿಂದಿನ ಕೊಳವೆಯೊಳಗೆ ಎರಡು ಬೆರಳು ತೂರಿಸಿ ಕಾಕ ಎಳೆದರು. ಬೂದುಬಣ್ಣದ ಹತ್ತಿಯಂಥದ್ದು ಬಂತು. ಇನ್ನೂ ಎಳೆದರು; ಇನ್ನೂ ಬಂತು. ಕೊನೆಗೆ ಒಂದು ಪುಟ್ಟ ಫ್ಯಾನನ್ನು ಹೊರತೆಗೆದರು. ರೆಕ್ಕೆಗಳು ಕಾಣಿಸದಷ್ಟು ನೂಲು ಅದಕ್ಕೆ ಸುತ್ತಿಕೊಂಡಿತ್ತು.

"ಮಾಷ್ಟ್ರೆ, ನಿಮಗೆ ಹತ್ತಿ ಮಿಲ್ಲು ಉಂಟಾ?"

ನನ್ನ ಹೆಂಡತಿ ಮುಖವನ್ನು ಹೊಳೆಯ ಕಡೆಗೆ ತಿರುಗಿಸಿಕೊಂಡಳು. ಅವಳ ಭುಜಗಳು ಅಲುಗುತ್ತಿದ್ದವು.

"ಬ್ಯಾಟರಿ ಉಸಿರಾಡುವ ಜಾಗ ಇದು," ಎಂದರು ಕಾಕ. "ಒಳಗೆ ಬಿಸಿ ಆಗ್ತದೆ, ಈ ಫ್ಯಾನು ಕಾರಿನೊಳಗಿನ ತಂಪು ಗಾಳಿ ಎಳೆದು ಕೊಡ್ಬೇಕು. ಅಲ್ಲಿ ಟ್ಯಾಕ್ಸಿಗಳಲ್ಲಿ ಮರಳು ನೋಡಿದ್ದೇನೆ, ಬೆಕ್ಕಿನ ಕೂದಲು ನೋಡಿದ್ದೇನೆ. ಇದು ಹೊಸತು. ನೀವು ಎಂತ ಅದರ ಮೂಗಿಗೆ ದಿಂಬು ಒತ್ತಿದ್ದಾ?"

"ಹಾಗೆಲ್ಲ ಹೇಳ್ಬೇಡಿ ಕಾಕ," ಎಂದಳು ಹೆಂಡತಿ. "ಅದು ಪರಿಸರ ಉಳಿಸುವ ಚೀಲದ ನೂಲು."

"ಹೌದಾ? ಹಾಗಾದ್ರೆ ಪರಿಸರ ಉಳಿದಿರ್ಬೇಕು. ಬ್ಯಾಟರಿ ಉಳಿಲಿಲ್ಲ."

ಮುಂದಿನ ಮೂರು ಗಂಟೆ ನಾನು ಕಂಡ ಕೆಲಸದ ಕ್ರಮ ನನ್ನ ಯಾವ ತರಗತಿಗಿಂತಲೂ ಶಿಸ್ತಿನದಾಗಿತ್ತು. ಬ್ಯಾಟರಿಯೆಂದರೆ ಒಂದೇ ಗಟ್ಟಿಯಲ್ಲ. ಪುಸ್ತಕಗಳಂತೆ ಸಾಲಾಗಿ ನಿಂತ ಮೂವತ್ತನಾಲ್ಕು ಸೆಲ್ಲುಗಳು. ಕಾಕ ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು ಬೆಂಚಿನ ಮೇಲಿಟ್ಟರು. ಹಳೆಯ ಹೆಡ್‌ಲೈಟಿನ ಬಲ್ಬೊಂದನ್ನು ಪ್ರತಿಯೊಂದಕ್ಕೂ ಎರಡು ನಿಮಿಷ ಜೋಡಿಸಿ, ವೋಲ್ಟೇಜ್ ಎಷ್ಟು ಇಳಿಯುತ್ತದೆಂದು ಮೀಟರಿನಲ್ಲಿ ನೋಡಿ ಹೇಳುತ್ತಾ ಹೋದರು. ಹೆಂಡತಿ ಬರೆದುಕೊಳ್ಳುತ್ತಾ ಹೋದಳು. ಮಧ್ಯದ ಐದು ಸೆಲ್ಲುಗಳು ಬಲ್ಬು ತಾಗಿದ ಕೂಡಲೇ ಕುಸಿದವು. ಮಧ್ಯದವಕ್ಕೇ ಬಿಸಿ ಹೆಚ್ಚು, ಗಾಳಿ ಕಡಿಮೆ. ಸೆಲ್ಲುಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳು ನಮ್ಮ ಕಡೆಯ ತೇವಕ್ಕೆ ಹಸಿರುಗಟ್ಟಿದ್ದವು. ಅವನ್ನು ಉಜ್ಜಿ ಬೆಳಗಿದರು. ಗುಜರಿಗೆ ಹೋದ ಬೇರೊಂದು ಬ್ಯಾಟರಿಯಿಂದ ಉಳಿಸಿಟ್ಟಿದ್ದ ಐದು ಸೆಲ್ಲುಗಳನ್ನು ಹೊಂದಿಸಿ ಕೂರಿಸಿದರು. ಎಲ್ಲ ಸೇರಿ ಸರ್ವಿಸ್ ಸೆಂಟರಿನವರು ಹೇಳಿದ ಮೊತ್ತದ ಎಂಟರಲ್ಲಿ ಒಂದು ಪಾಲೂ ಆಗಲಿಲ್ಲ. ಕೆಂಪು ತ್ರಿಕೋನ ಆರಿತು.

ನನ್ನೊಳಗಿನ ವಾಗ್ಮಿ ತಟ್ಟನೆ ಎದ್ದು ನಿಂತ. "ನೋಡಿದಿರಾ ಕಾಕ? ಹಾಗಾದರೆ ನನ್ನ ವಾದ ಸರಿಯೇ ಆಯಿತು. ದುರಸ್ತಿ ಸುಲಭ, ಖರ್ಚು ಕಡಿಮೆ."

"ಸ್ವಲ್ಪ ನಿಲ್ಲಿ ಮಾಷ್ಟ್ರೆ. ಹಳೇ ಬ್ಯಾಟರಿಗೆ ಹಳೇ ಸೆಲ್ಲೇ ಹಾಕಿದ್ದು. ಇವತ್ತು ಐದು ಹೋಯ್ತು, ನಾಳೆ ಇನ್ನೆರಡು ಹೋಗ್ಬಹುದು. ಒಂದು ವರ್ಷ ಬರ್ಲಿಕ್ಕೂ ಸಾಕು, ಮೂರು ವರ್ಷ ಬರ್ಲಿಕ್ಕೂ ಸಾಕು. ನಾನು ಬರೆದು ಕೊಡ್ಲಿಕ್ಕಿಲ್ಲ."

"ಎಂಜಿನ್?"

"ಎಂಜಿನ್ ಚಿನ್ನ. ಬ್ರೇಕಿನ ಪ್ಯಾಡು ಸವೆಯುವುದೇ ಇಲ್ಲ, ಮೋಟಾರೇ ಹಿಡಿದು ನಿಲ್ಲಿಸ್ತದಲ್ಲ. ಆದ್ರೆ ಬ್ರೇಕಿಗೆ ಒತ್ತಡ ಕೊಡುವ ಪಂಪು ಒಂದುಂಟು. ಅದು ಹೋದ್ರೆ ಬ್ಯಾಟರಿಯೇ ಅಗ್ಗ ಅಂತ ಕಾಣ್ತದೆ. ಅದನ್ನು ಬಿಚ್ಚಿ ಸರಿ ಮಾಡುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ."

"ಒಟ್ಟಿನಲ್ಲಿ ನೋಡಿದರೆ ಲಾಭವೇ ಅಲ್ಲವೇ?"

"ಒಟ್ಟಿನಲ್ಲಿ ಅಂತ ಒಂದು ಕಾರು ಇಲ್ಲ ಮಾರಾಯ್ರೆ. ಒಂದೊಂದೇ ಕಾರು ಇರುವುದು."

ಇಷ್ಟು ವರ್ಷಗಳಲ್ಲಿ ಯಾವ ತೀರ್ಪುಗಾರನೂ ನನ್ನನ್ನು ಇಷ್ಟು ಚಿಕ್ಕ ವಾಕ್ಯದಲ್ಲಿ ಕೂರಿಸಿರಲಿಲ್ಲ.

ಶುಕ್ರವಾರ ಗ್ರಂಥಾಲಯಕ್ಕೆ ಹೋದೆ. ಅವರು ಹೊಸ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದರು. ನಾನು ಪೀಠಿಕೆಯೊಂದನ್ನು ಸಿದ್ಧಪಡಿಸಿಕೊಂಡು ಹೋಗಿದ್ದೆ. ಹಾದಿಯಲ್ಲೇ ಅದು ಉದ್ದವಾಗಿತ್ತು.

"ಮೇಡಂ, ಆ ದಿನ ನಾನು ಹೇಳಿದ ವಿಷಯದಲ್ಲಿ ಕೆಲವು ಅಂಶಗಳನ್ನು..."

"ನೀವು ಹಿಂದೆ ಕಳಿಸಿದ ಪುಸ್ತಕದೊಳಗೆ ಬಸ್ಸಿನ ಟಿಕೆಟ್ ಇತ್ತು ಸರ್," ಎಂದರು ತಲೆಯೆತ್ತದೆ. "ಸೋಮವಾರದ್ದು ಒಂದು, ಮಂಗಳವಾರದ್ದು ಒಂದು. ಪುಟದ ಗುರುತಿಗೆ ಇಟ್ಟದ್ದಿರ್ಬೇಕು. ಕಾರಿಗೆ ಎಂತ ಆಯ್ತು ಅಂತ ನೀವೇ ಹೇಳ್ತೀರಿ ಅಂತ ಕಾದೆ."

ನಾನು ಪೀಠಿಕೆಯನ್ನು ಕೈಬಿಟ್ಟು ಎಲ್ಲವನ್ನೂ ಹೇಳಿದೆ: ಕೆಂಪು ದೀಪ, ಹೊಸ ಬ್ಯಾಟರಿಯ ಬೆಲೆ, ನೂಲು, ಐದು ಸೆಲ್ಲು, ಒಂದು ವರ್ಷವೋ ಮೂರು ವರ್ಷವೋ ಎಂಬ ಅನಿಶ್ಚಯ, ಬ್ರೇಕಿನ ಪಂಪು. ಮುಗಿಸಿದಾಗ ಗಂಟೆ ಇನ್ನೂ ಹೊಡೆದಿರಲಿಲ್ಲ. ಅದೂ ನನಗೆ ಹೊಸ ಅನುಭವ.

"ಇದನ್ನು ಪುಸ್ತಕ ಕಳಿಸಿದ ಬುಧವಾರವೇ ಹೇಳ್ಬಹುದಿತ್ತಲ್ಲ?"

"ಹೇಳಬಹುದಿತ್ತು."

"ನನಗೆ ನಾಚಿಕೆ ಆಗುವುದು ಬೇಡ ಅಂತವಾ, ನಿಮಗೆ ಆಗುವುದು ಬೇಡ ಅಂತವಾ?"

ಉತ್ತರ ಅವರಿಗೆ ಗೊತ್ತಿತ್ತು. ನನ್ನ ಬಾಯಿಂದ ಬರಲೆಂದು ಕಾದರು. "ನನಗೆ," ಎಂದೆ. ಅವರು ಚೀಟಿಯೊಂದನ್ನು ನೇರವಾಗಿ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದರು.

"ಸರಿ. ಭಾನುವಾರ ದುಡ್ಡು ಕೊಡುವ ಮೊದಲು ಆ ಕಾರನ್ನು ನಿಮ್ಮ ಕಾಕನ ಹತ್ರ ತರಿಸುವ. ನೀವಿಬ್ರೂ ಬನ್ನಿ. ಮುಂದಿನ ಕೂಟದಲ್ಲಿ ಈಗ ಹೇಳಿದ್ದನ್ನೇ ಎಲ್ಲರ ಮುಂದೆ ಹೇಳ್ಬೇಕು. ಆ ದಿನ ಚಪ್ಪಾಳೆ ಹೊಡೆದವರಲ್ಲಿ ಇನ್ನೂ ಒಬ್ಬರು ಕಾರು ಹುಡುಕ್ತಾ ಇದ್ದಾರೆ."

ಭಾನುವಾರ ಬೆಳಿಗ್ಗೆ ವಿಟ್ಲದ ವ್ಯಾಪಾರಿ ಕಾರನ್ನು ತಂದರು. ಸಜ್ಜನರು, ಕಾರನ್ನೂ ತಿಕ್ಕಿ ತೊಳೆದು ಹೊಳೆಯುವಂತೆ ಮಾಡಿದ್ದರು. ನನ್ನದಕ್ಕಿಂತ ಒಂದು ವರ್ಷ ಹೊಸದು, ಬಣ್ಣವೂ ಚೆನ್ನ. ಕಾಕ ಹಿಂದಿನ ಸೀಟು ಬಿಚ್ಚಿ ನೋಡಿದರು: ಫ್ಯಾನು ಶುಭ್ರ, ಸೆಲ್ಲುಗಳು ಗಟ್ಟಿ. ಗ್ರಂಥಪಾಲಕಿಯ ಮುಖ ಅರಳಿತು. ನನ್ನ ಮನಸ್ಸೂ ಹಗುರಾಯಿತು. ಮುಂದಿನ ಕೂಟದಲ್ಲಿ ಹೇಳಬೇಕಾದ ತಪ್ಪೊಪ್ಪಿಗೆಯಲ್ಲಿ ಒಂದೆರಡು ವಾಕ್ಯಗಳನ್ನು ಮನಸ್ಸಿನಲ್ಲೇ ಮೊಟಕುಗೊಳಿಸಿದೆ.

ಆಗ ಕಾಕ ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿ, ಕಾರನ್ನು ಚಾಲೂ ಸ್ಥಿತಿಗೆ ತಂದು, ಬ್ರೇಕಿನ ಮೇಲೆ ಕಾಲಿಟ್ಟು ಕುಳಿತರು. ಬಾನೆಟ್ಟಿನ ಕೆಳಗಿನಿಂದ 'ಗುರ್ರ್' ಎಂಬ ಸಣ್ಣ ಸದ್ದು. ನಿಂತಿತು. ಐದಾರು ಸೆಕೆಂಡು ಕಳೆದಿರಲಿಲ್ಲ, ಮತ್ತೆ ಗುರ್ರ್. ಮತ್ತೆ ಮೌನ, ಮತ್ತೆ ಗುರ್ರ್. ಬಳಿಕ ನನ್ನ ಕಾರಿನಲ್ಲಿ ಕುಳಿತು ಹಾಗೆಯೇ ಮಾಡಿದರು. ಒಂದು ಸಲ ಸದ್ದು ಮಾಡಿ ಅದು ಸುಮ್ಮನಾಯಿತು. ಬಹಳ ಹೊತ್ತು ಕಾದರೂ ಮಾತನಾಡಲಿಲ್ಲ.

"ಆ ಪಂಪಿಗೆ ಒತ್ತಡ ಹಿಡಿದಿಡ್ಲಿಕ್ಕೆ ಆಗುವುದಿಲ್ಲ. ಹಾಗೆ ಆಗಾಗ ಓಡ್ತದೆ," ಎಂದರು ಕಾಕ. "ಇವತ್ತೇ ಹೋಗ್ತದೆ ಅಂತ ಅಲ್ಲ."

"ಇಷ್ಟು ದಿನ ಏನೂ ಆಗ್ಲಿಲ್ಲ ಅಕ್ಕ," ಎಂದರು ವ್ಯಾಪಾರಿ. "ಮೊನ್ನೆ ಪುತ್ತೂರಿಗೆ ಹೋಗಿ ಬಂದೆ."

ಗ್ರಂಥಪಾಲಕಿ ಕಾರಿನ ಸುತ್ತ ಒಂದು ಸುತ್ತು ಬಂದರು. ಬಾಗಿಲನ್ನು ಮುಟ್ಟಿ ನೋಡಿದರು. ಆ ಬಣ್ಣ ಅವರಿಗೆ ನಿಜಕ್ಕೂ ಹಿಡಿಸಿತ್ತು. ಆಮೇಲೆ ಕಾಕನನ್ನು ಬಿಟ್ಟು ನನ್ನ ಕಡೆಗೆ ತಿರುಗಿದರು.

"ನೀವು ಹೇಳಿ ಸರ್. ತಗೊಳ್ಳಿ ಅಂತ ಹೇಳಿದವರು ನೀವು. ಒಂದೇ ಮಾತಿನಲ್ಲಿ."

ನನ್ನ ಬಳಿ ಕನಿಷ್ಠ ನಾಲ್ಕು ಅಂಶಗಳಿದ್ದವು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ಬೇಡ," ಎಂದೆ.

ಮುಂಗಡ ಹಿಂದಿರುಗಿಸಲು ವ್ಯಾಪಾರಿ ಒಪ್ಪಿದರು. ಅದಕ್ಕೆ ಎರಡು ಸುತ್ತು ಚಹಾ ಮತ್ತು ಕಾಕನ ಮಧ್ಯಸ್ಥಿಕೆ ಬೇಕಾಯಿತು. ಕಾರು ಹೊರಟುಹೋದ ಮೇಲೆ ಗ್ರಂಥಪಾಲಕಿ ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಾ ನಿಂತರು. ಅಂದು ಹೊಸ ಕಾರಿನಲ್ಲೇ ಕನ್ಯಾನಕ್ಕೆ ಬರುತ್ತೇನೆಂದು ಅಕ್ಕನ ಮನೆಗೆ ಫೋನು ಮಾಡಿದ್ದರಂತೆ. ನಾನು ಖಾಲಿಯಾದ ಚಹಾ ಲೋಟಗಳನ್ನು ಎತ್ತಿಟ್ಟೆ.

"ಮನೆಯವರೆಗೆ ಬಿಡ್ತೇವೆ ಮೇಡಂ, ಹೋಗುವ," ಎಂದಳು ನನ್ನ ಹೆಂಡತಿ.

"ಕೀ ಕೊಡಿ ಹಾಗಾದ್ರೆ. ಸ್ವಂತ ಕಾರು ಇಲ್ಲದಿದ್ರೂ ಓಡಿಸ್ಕೊಂಡು ಬಂದೆ ಅಂತಾದ್ರೂ ಆಗ್ಲಿ."

ಕಲ್ಲಡ್ಕ, ವಿಟ್ಲ ದಾಟಿ ಅವರು ಓಡಿಸಿದರು. ಹೆಂಡತಿ ಅವರ ಪಕ್ಕದಲ್ಲಿ, ನಾನು ಹಿಂದೆ. ಅವರದ್ದು ನಿಧಾನದ, ಜಾಗರೂಕ ಕೈ. ಇಳಿಜಾರು ಬಂದಾಗ ಬ್ರೇಕನ್ನು ಮೆತ್ತಗೆ, ಮುಂಚಿತವಾಗಿ ಒತ್ತುತ್ತಿದ್ದರು. ಸ್ಟಿಯರಿಂಗ್ ಎದುರಿನ ಫಲಕದ ಮೇಲೆ ಬ್ಯಾಟರಿಯ ಗೆರೆಗಳು ಒಂದೊಂದಾಗಿ ಏರುತ್ತಿದ್ದವು. ನಾಲ್ಕು ವರ್ಷಗಳಲ್ಲಿ ನಾನೊಮ್ಮೆಯೂ ಅಷ್ಟು ಗೆರೆಗಳನ್ನು ಸಂಪಾದಿಸಿರಲಿಲ್ಲ. ನಾನು ಇಳಿಜಾರಿನಲ್ಲಿ ಸಾಮಾನ್ಯವಾಗಿ ಮಾತನಾಡುತ್ತಿರುತ್ತೇನೆ.

ವಿಟ್ಲ ದಾಟಿ ಸ್ವಲ್ಪ ದೂರ ಹೋದ ಮೇಲೆ ಕೇಳಿದರು: "ಸರ್, ಇದನ್ನು ಕೊಡ್ತೀರಾ?"

"ಯಾವುದನ್ನು?"

"ಈ ಕಾರನ್ನು. ನನಗೆ."

ಹೆಂಡತಿ ಹಿಂದಕ್ಕೆ ತಿರುಗಿ ನೋಡಿದಳು. ನಾನು ಗಾಬರಿಯಿಂದ ನನ್ನ ಕಾರಿನ ವಿರುದ್ಧವೇ ವಾದಕ್ಕಿಳಿದೆ. ಇದು ಆ ಕಾರಿಗಿಂತಲೂ ಹಳೆಯದು. ಇದರ ಬ್ಯಾಟರಿಗೆ ತೇಪೆ ಹಾಕಿದೆ. ಎಷ್ಟು ದಿನವೆಂದು ಹೇಳಲಾಗದು.

"ಅದೆಲ್ಲ ಶುಕ್ರವಾರ ಕೇಳಿ ಆಯ್ತು. ಕೇಳದೇ ಇರುವುದು ಎಂತಾದ್ರೂ ಉಂಟಾ?"

ಯೋಚಿಸಿದೆ. ಇತ್ತು. "ಮಳೆಗಾಲದಲ್ಲಿ ಎಡಬದಿಯ ಹಿಂದಿನ ಕಿಟಕಿ ಅರ್ಧಕ್ಕೆ ನಿಲ್ಲುತ್ತದೆ."

"ಇನ್ನು?"

"ಎ.ಸಿ. ಹಾಕಿದರೆ ಮೊದಲ ಐದು ನಿಮಿಷ ಟಕಟಕ ಸದ್ದು."

"ಇನ್ನು?"

"ಹಿಂದಿನ ಬಂಪರಿನ ಕೆಳಗೊಂದು ಗೀರು. ಮೂಡುಬಿದಿರೆಯ ಬಸ್ ನಿಲ್ದಾಣದ ಕಂಬ."

"ಕಂಬ ಗುದ್ದಿತು ಅಂತ ನನ್ನ ಹತ್ರ ಹೇಳಿದ್ದು," ಎಂದಳು ಹೆಂಡತಿ.

ಕನ್ಯಾನ ತಲುಪುವಷ್ಟರಲ್ಲಿ ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಅಕ್ಕನ ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿ ಗ್ರಂಥಪಾಲಕಿ ಇಳಿದರು. "ಬೇರೆಯವ್ರ ಕಾರು ಎಷ್ಟು ಹೊಳೆದ್ರೂ ಅದರ ಒಳಗೆ ಎಂತ ಉಂಟು ಅಂತ ಗೊತ್ತಿಲ್ಲ. ಇದರದ್ದು ಎಲ್ಲ ಗೊತ್ತುಂಟು. ಬ್ರೇಕಿನ ಪಂಪು ಒಳ್ಳೇದುಂಟು ಅಂತ ಕಾಕನೂ ತೋರಿಸಿದ್ರು. ಬ್ಯಾಟರಿಗೆ ಅಂತ ಒಂದಿಷ್ಟು ಕಳೆದು ಬೆಲೆ ಹೇಳಿ, ಕೊಡ್ತೇನೆ."

ಈ ಕಾರನ್ನು ಕೊನೆಯವರೆಗೂ ನಾನೇ ಓಡಿಸುತ್ತೇನೆಂದು ಅನೇಕ ವೇದಿಕೆಗಳಲ್ಲಿ ಹೇಳಿದ್ದೆ. ಆದರೆ ದೀರ್ಘಕಾಲ ಬಳಸಬೇಕಾದದ್ದು ಕಾರು. ನಾನೇ ಬಳಸಬೇಕೆಂದು ನನ್ನ ಪ್ರತಿಪಾದನೆಯಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನು ನನಗಿಂತ ಚೆನ್ನಾಗಿ ಓಡಿಸಬಲ್ಲವರು ಎದುರಿಗೇ ನಿಂತಿದ್ದರು. ಒಪ್ಪಿದೆ.

"ಹೇಳಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಸರ್. ಕಾರಿನೊಳಗೇ ಇಡ್ತೇನೆ."

ಅವರ ಅಕ್ಕ ಎಳನೀರು ತಂದುಕೊಟ್ಟರು. ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದೆ. ಬ್ಯಾಟರಿಯಿಂದ ಹಿಡಿದು ಬಂಪರಿನವರೆಗೆ ಒಂದನ್ನೂ ಬಿಡಲಿಲ್ಲ, ಒಂದಕ್ಕೂ ಸಮರ್ಥನೆ ಸೇರಿಸಲಿಲ್ಲ. ಸಹಿ ಹಾಕುವ ಮುನ್ನ ಹೆಂಡತಿಗೆ ಓದಲು ಕೊಟ್ಟೆ. ಅವಳು ಮೇಲಿನಿಂದ ಕೆಳಗಿನವರೆಗೆ ಓದಿ, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ತನ್ನ ಗುಂಡು ಅಕ್ಷರಗಳಲ್ಲಿ ಕೊನೆಯ ದೋಷವನ್ನು ಸೇರಿಸಿದಳು: "ಹಿಂದಿನ ಮಾಲೀಕರು ಆಗಾಗ ಫೋನ್ ಮಾಡಿ ಸಲಹೆ ಕೊಡುವ ಸಂಭವ ಉಂಟು. ಇದಕ್ಕೆ ಎಲ್ಲಿಯೂ ರಿಪೇರಿ ಇಲ್ಲ."

ಗ್ರಂಥಪಾಲಕಿ ಅದನ್ನು ಗಂಭೀರವಾಗಿ ಓದಿ, ನನ್ನ ಸಹಿ ಆ ಸಾಲಿನ ಕೆಳಗೇ ಬರಬೇಕೆಂದು ಬೆರಳಿಟ್ಟು ತೋರಿಸಿದರು. ಹಾಕಿದೆ.